ಅನಂತಲಕ್ಷ್ಮಿಯವರ ಎರಡು ಬೆರಳು

ಅನಂತಲಕ್ಷ್ಮಿಯವರು ಎರಡು ಬೆರಳಿಗಿಂತ ಹೆಚ್ಚು ಬಳಸಿ ಏನನ್ನಾದರೂ ಎಳೆದದ್ದನ್ನು ನಾನು ಕಂಡಿಲ್ಲ. ಗೇಟಿನ ಚಿಲಕವಿರಲಿ, ಮಳೆಗೆ ಉಬ್ಬಿದ ಬಾಗಿಲಿರಲಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒಮ್ಮೆ ಎಳೆಯುವರು. ಬಂದರೆ ಸರಿ, ಬಾರದಿದ್ದರೆ ಕೈಬಿಟ್ಟು, ತಲೆಯನ್ನು ಓರೆ ಮಾಡಿ, ಏನು ಕಷ್ಟವಾಗಿದೆ ಎಂದು ಅದನ್ನೇ ವಿಚಾರಿಸುವವರಂತೆ ನಿಂತು ನೋಡುವರು. ಆರ್‌ಪಿಸಿ ಲೇಔಟಿನಲ್ಲಿ ಅವರದು ನಮ್ಮ ಎದುರು ಮನೆ. ನಾನು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವನು, ಸ್ವಭಾವತಃ ಜಗ್ಗುವವನು. ನಮ್ಮ ಮನೆಯ ಮೂರು ಚಿಲಕಗಳು ನನ್ನ ಕೈಯಲ್ಲೇ ಪ್ರಾಣ ಬಿಟ್ಟಿವೆ.

ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಅವರು ಮಾಡಿದ್ದು ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸ. ನಿವೃತ್ತಿಯಾಗಿ ಹತ್ತು ವರ್ಷವಾದರೂ ಆ ಕಾರ್ಖಾನೆಯ ನೀಲಿ ಕೋಟು ನಿವೃತ್ತವಾಗಿಲ್ಲ. ಸೀರೆಯ ಮೇಲೆ ಅದನ್ನು ತೊಟ್ಟು, ಜೇಬಿನಲ್ಲೊಂದು ಹಳೆಯ ಬನಿಯನ್ನಿನ ಚೂರು ಇಟ್ಟುಕೊಂಡು, ನೆಲಕ್ಕೆ ನೋವಾಗದಂತೆ ಹೆಜ್ಜೆಯಿಡುತ್ತ ಅವರು ಅಂಗಳಕ್ಕೆ ಇಳಿದರೆಂದರೆ ಯಾವುದೋ ಯಂತ್ರಕ್ಕೆ ಶುಶ್ರೂಷೆ ಕಾದಿದೆ ಎಂದೇ ಅರ್ಥ. ಯಾರು ಎಷ್ಟೇ ಅವಸರಪಡಿಸಲಿ, "ಇರ್ಲಿ, ಹೊತ್ತಿದೆ" ಎನ್ನುವರು. ಈ ಮಾತಿಗೆ ನಾನು ಎಷ್ಟೋ ಸಲ ಹಲ್ಲು ಕಚ್ಚಿಕೊಂಡಿದ್ದೇನೆ.

ಅವರ ಆರೈಕೆಯ ಪರಮಪಾತ್ರ ಇಪ್ಪತ್ತೈದು ವರ್ಷ ದಾಟಿದ ಒಂದು ಪುಟ್ಟ ಬಿಳಿ ಕಾರು. ಅದರ ಬಾನೆಟ್ ತೆರೆಯುವ ಹಿಡಿಕೆ ಸ್ಟಿಯರಿಂಗಿನ ಕೆಳಗಿದೆ. ಅಲ್ಲಿಂದ ಕೊಳವೆಯೊಳಗೆ ಹಾಯ್ದ ತಂತಿಯೊಂದು ಮುಂದಿನ ಕೊಂಡಿಯನ್ನು ಎಳೆಯುತ್ತದೆ. ಹಳೆಯ ಕಾರುಗಳಲ್ಲಿ ಈ ತಂತಿ ಬಿಗಿಯುವುದು ಸಹಜ, ಜಗ್ಗಿದರೆ ಹರಿಯುವುದೂ ಅಷ್ಟೇ ಸಹಜ. ಪ್ರತಿವರ್ಷ ದಸರೆಗೆ ಮುಂಚೆ ಅವರು ಕೊಂಡಿಯ ಕಡೆಯ ತುದಿ ಬಿಡಿಸಿ, ಕೊಳವೆಯ ಬಾಯಿಗೆ ತೆಳುವಾದ ಮೆಷಿನ್ ಎಣ್ಣೆಯನ್ನು ಹನಿಹನಿಯಾಗಿ ಇಳಿಬಿಟ್ಟು, ಒಂದು ಹನಿ ಒಳಗೆ ಸೇರಿತೆಂದು ಖಾತ್ರಿಯಾದ ಮೇಲಷ್ಟೇ ಇನ್ನೊಂದನ್ನು ಬಿಟ್ಟು, ನಡುನಡುವೆ ತಂತಿಯನ್ನು ಹಿಂದೆ ಮುಂದೆ ಆಡಿಸುತ್ತ ಇಡೀ ಮಧ್ಯಾಹ್ನ ಕಳೆಯುವರು. ಹತ್ತು ನಿಮಿಷದ ಕೆಲಸ ಎಂದು ನಾನು ರೇಗಿಸುತ್ತಿದ್ದೆ.

ಕಳೆದ ದಸರೆಯಲ್ಲಿ ಅವರ ಅಕ್ಕನಿಗೆ ಸೊಂಟದ ಶಸ್ತ್ರಚಿಕಿತ್ಸೆಯಾಯಿತು. ಅಕ್ಕನೊಡನೆ ಆಸ್ಪತ್ರೆಯಲ್ಲಿದ್ದ ಅವರು ಆಯುಧಪೂಜೆಗೆ ಕಾರು ತೊಳೆದು ಕುಂಕುಮವಿಡಲು ನನಗೆ ಕೀಲಿ ಕೊಟ್ಟಿದ್ದರು. ಎಂಜಿನ್ನಿಗೂ ಕುಂಕುಮವಿಡೋಣವೆಂದರೆ ಹಿಡಿಕೆ ಬಿಗಿ. ಹೇಗೋ ಜಗ್ಗಿ ತೆರೆದೆ. ಇಷ್ಟಕ್ಕೆಲ್ಲ ಒಂದು ಮಧ್ಯಾಹ್ನ ಬೇಕೇ ಎಂದುಕೊಂಡು ಅಡುಗೆಮನೆಯ ತೆಂಗಿನೆಣ್ಣೆಯ ಬಾಟಲಿ ತಂದು, ಕೊಳವೆಯ ಬಾಯಿಗೆ ಧಾರಾಳವಾಗಿ ಸುರಿದೆ, ಹಿಡಿಕೆಯ ಬುಡಕ್ಕೂ ಸವರಿದೆ. ಬೆಣ್ಣೆಯಂತೆ ಜಾರಿತು. ಈ ವರ್ಷ ತಂತಿ ತಾನಾಗಿಯೇ ಸರಿಯಾಗಿದೆಯೆಂದು ಆಮೇಲೆ ಅವರು ಅಚ್ಚರಿಪಟ್ಟು ಎಣ್ಣೆಯ ಕೆಲಸವನ್ನೇ ಬಿಟ್ಟಾಗ, ನಾನು ಒಳಗೊಳಗೇ ಬೀಗಿದೆನೇ ಹೊರತು ಬಾಯಿ ಬಿಡಲಿಲ್ಲ.

ಜನವರಿಯಲ್ಲಿ ಕಾರಿನ ನೋಂದಣಿ ನವೀಕರಣಕ್ಕೆ ತಪಾಸಣೆಯ ದಿನ ಬಂತು. ಬಾನೆಟ್ಟಿನೊಳಗೆ ಕೆತ್ತಿದ ಛಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯದೆ ಆ ಕೆಲಸವಾಗದು. ನವೀಕರಣವಾಗದಿದ್ದರೆ ಕಾರು ಗುಜರಿಗೆ. ಆಟೋದ ಕುಲುಕಾಟ ತಾಳಲಾರದ, ಎತ್ತರದ ಕಾರುಗಳಿಗೆ ಹತ್ತಲಾರದ ಅಕ್ಕ ವಾರಕ್ಕೆರಡು ಸಲ ಬಸವೇಶ್ವರನಗರಕ್ಕೆ ವ್ಯಾಯಾಮ ಚಿಕಿತ್ಸೆಗೆ ಹೋಗುತ್ತಿದ್ದುದು ಈ ಕಾರಿನ ಮುಂದಿನ ಸೀಟಿನಲ್ಲಿ ಕೂತೇ. ಆಗಷ್ಟೇ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡತೊಡಗಿದ್ದರು.

ತಪಾಸಣೆಯ ದಿನ ಬೆಳಿಗ್ಗೆ ಏಳೂವರೆಗೆ ಅನಂತಲಕ್ಷ್ಮಿಯವರು ಕರೆದರು. ಹಿಡಿಕೆ ಕದಲುತ್ತಿರಲಿಲ್ಲ. ಜೋರಾಗಿ ಎಳೆಯುತ್ತೇನೆಂದು ಮುಂದಾದವನನ್ನು ತಡೆದು, ಕಾರನ್ನು ಬಿಸಿಲು ಬೀಳುವಲ್ಲಿಗೆ ತಂದು, ಎಂಜಿನ್ ಚಾಲೂ ಮಾಡಿಟ್ಟು, ಪಕ್ಕದ ಸೀಟಿನಲ್ಲಿ ಕೂರಲು ಹೇಳಿದರು. ನನ್ನ ಸ್ನಾನದ ಮನೆಯಲ್ಲಿ ಅದೇ ಬೆಳಿಗ್ಗೆ ಬಾಟಲಿಯೊಳಗೆ ಬಿಳಿಗಟ್ಟಿ ಕೂತಿದ್ದ ತೆಂಗಿನೆಣ್ಣೆ ಆಗ ಕಣ್ಣ ಮುಂದೆ ಬಂತು. ಚಳಿಗೆ ಕೊಳವೆಯೊಳಗೂ ಅದು ಹಾಗೆಯೇ ಹೆಪ್ಪುಗಟ್ಟಿರಬೇಕು. ಮೂರು ಸಲ ಹೇಳಲು ಹೊರಟೆ. ಒಮ್ಮೆ ಚಳಿಯ ಮಾತಾಡಿದೆ, ಒಮ್ಮೆ ಅತ್ತಿಗುಪ್ಪೆಯ ಟ್ರಾಫಿಕ್ಕಿನ ಮಾತಾಡಿದೆ, ಮೂರನೆಯ ಸಲ ಸುಮ್ಮನೆ ಕೆಮ್ಮಿದೆ. ಅವರು ಎಲ್ಲಕ್ಕೂ ತಲೆಯಾಡಿಸಿದರು. ಅರ್ಧ ಗಂಟೆ ಕಳೆದ ಮೇಲೆ ಎರಡು ಬೆರಳಿಂದ ಹಿಡಿಕೆ ಎಳೆದರು. ಮುಂದೆ ಟಕ್ಕೆಂದು ಬಾನೆಟ್ ಸಡಿಲಿತು.

ಇನ್ನು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಚಳಿಯ ಮೇಲೆ ತಪ್ಪು ಹೊರಿಸಿ ಆರಾಮಾಗಿ ಮನೆಗೆ ಹೋಗಬಹುದಿತ್ತು. ಅವರು ಕೊಳವೆಗೆ ಸೀಮೆಎಣ್ಣೆ ಬಿಟ್ಟು ಜಿಡ್ಡು ತೊಳೆಯುತ್ತಿದ್ದರು, ನಾನು ಬಟ್ಟೆ ಹಿಡಿದು ನಿಂತಿದ್ದೆ. ನಾಚಿಕೆ ತಡೆಯಲಾಗಲಿಲ್ಲ. ತೆಂಗಿನೆಣ್ಣೆ ಸುರಿದವನು ನಾನೇ ಎಂದುಬಿಟ್ಟೆ.

"ಗೊತ್ತು," ಎಂದರು ಅವರು, ತಲೆಯೆತ್ತದೆ. "ಏಳು ಗಂಟೆಗೆ ಹಿಡಿಕೆ ಹತ್ರ ಬಗ್ಗಿದಾಗ್ಲೇ ಅದರ ಕಮಟು ಮೂಗಿಗೆ ಬಡೀತು. ಆವತ್ತು ಕೀಲಿ ನಿಮ್ಮ ಹತ್ರಾನೇ ಇತ್ತಲ್ಲ."

ಮತ್ತೆ ಇಷ್ಟು ಹೊತ್ತು ಯಾಕೆ ಕೇಳಲಿಲ್ಲವೆಂದೆ.

"ನೀವೇ ಹೇಳೋಕೆ ಹೊರಟಿದ್ರಲ್ಲ. ಮಧ್ಯೆ ನಾನ್ಯಾಕೆ ಬಾಯಿ ಹಾಕ್ಲಿ ಅಂತ."

ಕಾರು ತಪಾಸಣೆಯಲ್ಲಿ ತೇರ್ಗಡೆಯಾಯಿತು. ಮರುವಾರ ಅಕ್ಕ ಎಂದಿನಂತೆ ಅದೇ ಸೀಟಿನಲ್ಲಿ ಕೂತು ಬಸವೇಶ್ವರನಗರಕ್ಕೆ ಹೋದರು. ನಮ್ಮ ತಪ್ಪನ್ನು ಎತ್ತಿ ಆಡುವವರು ಬೀದಿಗೆ ಹತ್ತು ಜನ ಸಿಗುತ್ತಾರೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸುವವರೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಆದರೆ ತಪ್ಪು ಯಾರದೆಂದು ಬಲ್ಲವರಾಗಿಯೂ, ಅದು ಮಾಡಿದವನ ಬಾಯಿಂದಲೇ ಬರಲಿ ಎಂದು, ತಮ್ಮದೇ ಕೆಲಸ ಕೆಡುವ ಹೊತ್ತಿನಲ್ಲೂ ಅವನ ಪಕ್ಕದಲ್ಲಿ ಮುಖ ಕೆಡಿಸಿಕೊಳ್ಳದೆ ಕೂರಬಲ್ಲ ಜನ ಬೇರೆಯೇ. ಅವರು ನಮ್ಮನ್ನು ಒಳ್ಳೆಯವರೆಂದು ಮೊದಲೇ ನಂಬಿಬಿಟ್ಟಿರುತ್ತಾರೆ. ಆಮೇಲೆ ಹಾಗೆ ಆಗದೆ ನಮಗೆ ಬೇರೆ ದಾರಿಯಿರುವುದಿಲ್ಲ.