ಸಣ್ಣ ಬಾಟಲಿಗೆ ಇಡೀ ಪೊಟ್ಟಣ

ಓಣಿಯಲ್ಲಿ ಯಾರ ಮಗುವಿಗೆ ಭೇದಿಯಾದರೂ ಮೊದಲು ಕೂಗುವುದು ಬಾಟ್ಲಕ್ಕನನ್ನು. ಅವಳು ಆರೋಗ್ಯ ಕಾರ್ಯಕರ್ತೆ. ಚೀಲದಲ್ಲಿ ಸದಾ ಒಂದು ಲೀಟರಿನ ಬಾಟಲಿ. ಅದರಲ್ಲೇ ಓಆರ್‌ಎಸ್ ಪುಡಿ ಕಲಸಿ ತೋರಿಸುತ್ತಿದ್ದಳು.

"ನೋಡಿದ್ರಲ್ಲ, ಒಂದು ಬಾಟಲಿ ನೀರಿಗೆ ಒಂದು ಪೊಟ್ಟಣ. ಗೊತ್ತಾಯ್ತಾ?"

"ಗೊತ್ತಾಯ್ತಕ್ಕ."

ಅಷ್ಟಾದರೆ ಮುಂದಿನ ಮನೆ.

ಆ ಬೆಳಿಗ್ಗೆ ಅಂಗಿಗೆ ಗುಂಡಿ ಹೊಲಿಯುವ ಹುಡುಗಿಯ ಮನೆಗೆ ಹೋದಾಗ, ಅವಳ ಮಗು ಅಜ್ಜಿಯ ತೊಡೆಯ ಮೇಲೆ ಬಾಡಿದ ಸೊಪ್ಪಿನಂತೆ ಬಿದ್ದಿತ್ತು. ತುಟಿ ಒಣಗಿತ್ತು. ಕರೆದರೂ ಕಣ್ಣು ಬಿಡಲಿಲ್ಲ.

"ನಿನ್ನ ಪುಡಿ ಕೊಟ್ಟಷ್ಟೂ ಮಗು ಸೋಲ್ತಿದೆ ಕಣಮ್ಮ," ಅಜ್ಜಿ ಸಿಡುಕಿದಳು. "ನಿಲ್ಸು ಅಂದ್ರೆ ನನ್ನ ಸೊಸೆ ಕೇಳಲ್ಲ. ಅತ್ತೆ ಮಾತು ಗಾಳಿಗೆ, ಬಾಟ್ಲಕ್ಕನ ಮಾತು ವೇದವಾಕ್ಯ!"

"ನೀವು ಹೇಳಿದ ಹಾಗೇ ಮಾಡಿದ್ದೀನಿ ಅಕ್ಕ," ಎನ್ನುತ್ತಾ ಹುಡುಗಿ ಅಂಗಿಗಳ ರಾಶಿಯ ಪಕ್ಕದಿಂದ ಬಾಟಲಿ ತಂದಳು.

ಬಾಟ್ಲಕ್ಕ ಅದನ್ನು ಕೈಗೆ ತೆಗೆದುಕೊಂಡಳು. ಅದು ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಜ್ಯೂಸಿನ ಬಾಟಲಿ. ಒಂದು ಹನಿ ನಾಲಿಗೆಗೆ ಹಚ್ಚಿಕೊಂಡಳು. ಕಡು ಉಪ್ಪು.

"ಇಷ್ಟು ನೀರಿಗೆ... ಇಡೀ ಪೊಟ್ಟಣ ಹಾಕಿದ್ಯಾ?"

"ಹೂಂ. ನಮ್ಮನೇಲಿ ಇರೋ ಬಾಟಲಿ ಇದೊಂದೇ ಅಲ್ವಾ?"

ಬಾಟ್ಲಕ್ಕ ಚೀಲ ಹೆಗಲಿಗೇರಿಸಿದಳು. "ಏಳು! ಅದನ್ನ ಚೆಲ್ಲು. ಮಗು ಎತ್ಕೊ, ಆಸ್ಪತ್ರೆಗೆ ನಡಿ!"

"ನೀರು ಕಡಿಮೆಯಾಗಿ ಮೈಯಲ್ಲಿ ಉಪ್ಪು ಏರಿದೆ," ಎಂದರು ಡಾಕ್ಟರು. "ತಡ ಮಾಡಿದ್ರೆ ಮಗು ದಕ್ತಿರಲಿಲ್ಲ."

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಬಾಟ್ಲಕ್ಕ ಕಲ್ಲಿನಂತೆ ಕುಳಿತಳು. ಗೊತ್ತಾಯ್ತಾ ಎಂದು ಕೇಳಿದರೆ, ಇಲ್ಲ ಎನ್ನುವ ಧೈರ್ಯ ಯಾರಿಗಿರುತ್ತದೆ? ತರಬೇತಿಯಲ್ಲಿ ತಾನೂ ಎಷ್ಟು ಸಲ ಸುಮ್ಮನೆ ತಲೆಯಾಡಿಸಿರಲಿಲ್ಲ!

ಮಗು ಚೇತರಿಸಿಕೊಂಡಿತು. ಪಕ್ಕದ ಓಣಿಯ ಕಾರ್ಯಕರ್ತೆ ಬಂದು ಕಿವಿಯಲ್ಲಿ ಉಸುರಿದಳು: "ಯಾರ ಹತ್ರಾನೂ ಬಾಯಿ ಬಿಡಬೇಡ ಕಣೇ. ಜನ ಆಡ್ಕೋತಾರೆ. ಮಗು ಉಳೀತಲ್ಲ, ಸಾಕು."

"ಇನ್ನೊಂದು ಮನೇಲೂ ಇಂಥದ್ದೇ ಬಾಟಲಿ ಇದ್ರೆ?"

ಗೆಳತಿ ತನ್ನ ಓಣಿಗೆ ಹೊರಟಳು.

ಕಾರ್ಯಕರ್ತೆಯರ ವಾರದ ಸಭೆಯಲ್ಲಿ ಬಾಟ್ಲಕ್ಕ ಎಲ್ಲವನ್ನೂ ಹೇಳಿದಳು. ಸಭೆ ನಡೆಸುವ ನರ್ಸಮ್ಮ ಬೈಯಲಿಲ್ಲ. "ಏನಾಯ್ತು ಅಂತ ಹೇಳ್ದೆ. ಯಾಕಾಯ್ತು? ಇನ್ಮೇಲೆ ಏನು ಬದಲಾಯಿಸ್ತೀಯ?" ಎಂದಷ್ಟೇ ಕೇಳಿದರು.

"ನಾನು ಮಾಡಿ ತೋರಿಸ್ದೆ. ಅವಳ ಕೈಲಿ ಮಾಡಿಸ್ಲಿಲ್ಲ. ಅವಳ ಮನೇಲಿ ಯಾವ ಪಾತ್ರೆ ಇದೆ ಅಂತಾನೂ ನೋಡ್ಲಿಲ್ಲ."

ಬಾಯಿ ಬಿಡಬೇಡ ಎಂದಿದ್ದ ಗೆಳತಿಯ ಮುಖ ಬಿಳಿಚಿತು. "ಅಯ್ಯೋ, ನಾನೂ ನಿನ್ನೆ ಹಾಗೇ ತೋರಿಸಿ ಬಂದಿದ್ದೀನಿ!" ಎಂದವಳೇ ಚೀಲ ಎತ್ತಿಕೊಂಡು ಓಡಿದಳು. ಅವಳ ಹಿಂದೆಯೇ ಇನ್ನಿಬ್ಬರು ಎದ್ದರು.

ಮರುದಿನ ಬಾಟ್ಲಕ್ಕ ಗುಂಡಿ ಹೊಲಿಯುವವಳ ಮನೆಯಲ್ಲಿ ಕುಳಿತಿದ್ದಳು. ಒಂದು ಲೀಟರು ಅಳೆದು ಅವರದೇ ಪಾತ್ರೆಗೆ ಸುರಿದು, ನೀರು ನಿಂತ ಮಟ್ಟಕ್ಕೆ ಮೊಳೆಯಿಂದ ಗೀರು ಹಾಕಿದಳು.

"ಈಗ ನೀವು ಮಾಡಿ ತೋರಿಸಿ ಅಜ್ಜಿ."

"ಈ ವಯಸ್ಸಿಗೆ ನನಗೆ ಪರೀಕ್ಷೆನಾ?"

"ಪರೀಕ್ಷೆ ನಿಮಗಲ್ಲ ಅಜ್ಜಿ. ನಾನು ಸರಿಯಾಗಿ ಹೇಳ್ಕೊಟ್ನಾ ಅಂತ ನನಗೆ."

ಅಜ್ಜಿ ಮೊಮ್ಮಗನನ್ನು ಸೊಸೆಯ ಕೈಗಿಟ್ಟು, ಸೆರಗು ಸಿಕ್ಕಿಸಿ, ಕಾಯಿಸಿ ಆರಿಸಿದ ನೀರನ್ನು ಗೀರಿನವರೆಗೆ ಸುರಿದಳು. ಇಡೀ ಪೊಟ್ಟಣ ಹಾಕಿ ಕಲಸಿದಳು. "ಈಗ ಸರಿಯಾ? ಮಿಕ್ಕಿದ್ದು ನಾಳೆಗೆ ಇಡಬಾರದು, ಅದೂ ಗೊತ್ತು," ಎಂದಳು.

ಮನೆ ಮನೆಗೆ ಹೋಗುವ ಅಕ್ಕತಂಗಿಯರೇ, ಗೊತ್ತಾಯ್ತಾ ಎಂದು ಕೇಳಿ ಎದ್ದು ಬರಬೇಡಿ. ಅವರ ಮನೆಯ ಪಾತ್ರೆಯಲ್ಲಿ, ಅವರ ಕೈಯಲ್ಲೇ ಮಾಡಿಸಿ ನೋಡಿ. ತಪ್ಪಿದ್ದನ್ನು ಸಭೆಯಲ್ಲಿ ಬಿಚ್ಚಿ ಹೇಳಿ. ಯಾಕೆ ತಪ್ಪಿತೆಂದು ಕೂತು ಯೋಚಿಸಿ. ನೀವು ನಾಚಿ ಬಾಯಿ ಮುಚ್ಚಿಕೊಂಡರೆ, ಆ ಪುಟ್ಟ ಬಾಟಲಿ ಇನ್ನೊಂದು ಮಗುವಿನ ತುಟಿಗೆ ಹೋಗುತ್ತದೆ.