ಹತ್ತನೆಯ ಸಂಖ್ಯೆ

ಲೆಕ್ಕದ ನಿಯಮವನ್ನು ಸಾಧಿಸಿ ತೋರಿಸುವುದು ಹೈಸ್ಕೂಲಿನ ಪಾಠ. ಹನ್ನೊಂದು ವರ್ಷದ ಹುಡುಗಿಯರಿಗೆ ಅದೇಕೆ ಎಂದು ಹೆಡ್‌ಮಿಸ್ಟ್ರೆಸ್ ಗಿರಿಜಾಂಬಾ ಕೇಳಿದ್ದರು. ದಸರಾ ರಜೆಯವರೆಗೆ ಬಿಟ್ಟು ನೋಡಿ ಎಂದಿದ್ದಳು ಲೆಕ್ಕದ ಮಿಸ್ ಶಾಂತಾದೇವಿ. ಗಂಡ ತೀರಿಕೊಂಡ ಮೇಲಿನ ಎರಡು ವರ್ಷಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಮೊದಲ ದಿನ, ಒಂದು ಸಂಖ್ಯೆಯನ್ನು ಅದರ ಮುಂದಿನದರಿಂದ ಗುಣಿಸಿ ಹನ್ನೊಂದು ಕೂಡಿಸಲು ಹೇಳಿದಳು. ಒಂದರಿಂದ ಒಂಬತ್ತರವರೆಗೆ ಬಂದ ಉತ್ತರಗಳೆಲ್ಲ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದವು. ಇದೇ ನಿಯಮ ಎಂದು ತರಗತಿ ತೀರ್ಮಾನಿಸಿತು. ಹತ್ತಕ್ಕೆ ನೂರಿಪ್ಪತ್ತೊಂದು ಬಂತು; ಹನ್ನೊಂದು ಹನ್ನೊಂದಲೆ.

"ಹೌದು ಅನ್ನೋಕೆ ಒಂಬತ್ತು ಸಾಲದು. ಅಲ್ಲ ಅನ್ನೋಕೆ ಒಂದು ಸಾಕು" ಎಂದಳು ಶಾಂತಾದೇವಿ.

ಮೂರನೆಯ ವಾರ ಚಾಮರಾಜಪುರದಿಂದ ಲಕ್ಷ್ಮಮ್ಮ ಬಂದು ಗಿರಿಜಾಂಬಾ ಅವರ ಎದುರು ಕೂತರು. ದೊಡ್ಡ ಮಗಳ ಜಾತಕದ ಸಾಲಾವಳಿಯಲ್ಲಿ ಮೂವತ್ತಾರಕ್ಕೆ ಮೂವತ್ತೆರಡು ಗುಣ ಕೂಡಿ, ಇನ್ನು ಯೋಚನೆಯಿಲ್ಲ ಎಂದು ಜೋಯಿಸರು ಹೇಳುವಾಗ, ಶಾಂತಾದೇವಿಯ ತರಗತಿಯಲ್ಲಿದ್ದ ಚಿಕ್ಕ ಮಗಳು ರಮಾಮಣಿ ಬಾಗಿಲಲ್ಲಿ ನಿಂತು, ನಮ್ಮ ಮಿಸ್ಸಿಗೂ ಮೂವತ್ತೆರಡೇ ಕೂಡಿತ್ತಂತೆ, ಅಲ್ಲ ಅನ್ನೋಕೆ ಒಂದು ಸಾಕು ಎಂದಳಂತೆ. ಗಂಡಿನ ಕಡೆಯವರು ಉಪ್ಪಿಟ್ಟಿನ ತಟ್ಟೆ ಹಾಗೇ ಬಿಟ್ಟು ಎದ್ದರು. ಈ ಪಾಠ ಇವತ್ತೇ ನಿಲ್ಲಬೇಕು ಎಂಬುದು ಲಕ್ಷ್ಮಮ್ಮನವರ ಬೇಡಿಕೆ.

ಶಾಂತಾದೇವಿಯನ್ನು ಕರೆಸಿದರು. ಹುಡುಗಿ ಹೇಳಿದ್ದು ಸರಿಯೇ ಎಂದು ಗಿರಿಜಾಂಬಾ ಕೇಳಿದರು.

"ದಾರಿ ಸರಿಯಾಗಿದೆ, ಅಂಕಿ ತಪ್ಪಿದೆ. ನನ್ನದು ಮೂವತ್ತನಾಲ್ಕು."

ಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡರು.

"ಮೂವತ್ನಾಕಕ್ಕೂ ಇಂಗಾ?"

"ಹೌದು ಕಣ್ರೀ."

"ಎಷ್ಟು ದಿವಸ ಬಾಳ್ವೆ ಮಾಡಿದ್ರಿ?"

"ಹನ್ನೊಂದು ತಿಂಗಳು."

ಲಕ್ಷ್ಮಮ್ಮ ಎದ್ದರು. "ದೊಡ್ಡೋಳು ಇನ್ನೊಂದ್ವರ್ಸ ಓದ್ಕೊಳ್ಲಿ ಬುಡಿ" ಎಂದು, ಪಾಠದ ಮಾತೆತ್ತದೆ ಹೊರಟುಹೋದರು.

ಗಿರಿಜಾಂಬಾ ಆರ್ಡರು ಪುಸ್ತಕ ತೆಗೆದು, ಪಾಠವು ವರ್ಷಾಂತ್ಯದವರೆಗೆ ನಡೆಯಬಹುದು, ಉದಾಹರಣೆಗಳು ಅಂಕಿಗಳಲ್ಲೇ ಇರತಕ್ಕದ್ದು ಎಂದು ಬರೆದರು. ಶಾಂತಾದೇವಿ ಸಹಿ ಹಾಕಿದಳು.

ಮರುದಿನ, ಮೊದಲ ದಿನದ ಆ ಲೆಕ್ಕದಲ್ಲಿ ಎಂದೂ ತಪ್ಪದ್ದು ಏನಾದರೂ ಉಂಟೇ ಎಂದು ತರಗತಿಯನ್ನು ಕೇಳಿದಳು. ರಮಾಮಣಿ ತಡೆದು ತಡೆದು ಎದ್ದು ನಿಂತಳು.

"ಉತ್ತರ ಬೆಸ ಸಂಖ್ಯೆನೇ ಬರ್ತದೆ ಮಿಸ್. ಪಕ್ಕಪಕ್ಕದ ಎರಡರಲ್ಲಿ ಒಂದು ಸಮ ಇದ್ದೇ ಇರ್ತದೆ. ಗುಣಿಸಿದ್ರೆ ಸಮ. ಹನ್ನೊಂದು ಕೂಡಿದ್ರೆ ಬೆಸ."

"ಯಾವಾಗಲೂ?"

"ಎಷ್ಟು ದೂರ ಹೋದ್ರೂ."

ಶಾಂತಾದೇವಿ ತಪ್ಪುವ ಒಂದು ಸಂಖ್ಯೆಗಾಗಿ ಅಭ್ಯಾಸಬಲದಿಂದ ಹುಡುಕಿದಳು. ಇರಲಿಲ್ಲ. ಅದನ್ನು ಬೋರ್ಡಿನ ಮೇಲೆ ಬರೆಯಲು ಹೇಳಿದಳು. ಗಂಟೆ ಹೊಡೆದ ಮೇಲೆ ಒರೆಸದೆ ಹೋದಳು.