ಒಡೆದರೂ ಕೊಡಬೇಕಾದ ಗಡಿಗೆ

ಕುಂಬಾರ ಬಲು ಪುಕ್ಕಲು. ತನ್ನ ನೆರಳೇ ಹಿಂದೆ ಬಂದರೂ "ನೀವು ಮುಂದೆ ಹೋಗಿ ಸ್ವಾಮಿ" ಎಂದು ದಾರಿ ಬಿಡುವ ಆಸಾಮಿ. ಅಂಥವನ ಅಂಗಳಕ್ಕೆ ಬೆಳಬೆಳಗ್ಗೆ ನೆಲ ಅಳೆದು ಬರೆದುಕೊಳ್ಳುವ ಅಧಿಕಾರಿ ಬಂದ. ಬೆನ್ನಿಗೇ, ಆ ನೆಲದ ಧಣಿಯ ಪರವಾಗಿ ವಸೂಲಿಗೆ ಬರುವ ಪಾರುಪತ್ಯಗಾರನೂ ಬೆತ್ತ ಹಿಡಿದು ಬಂದ.

ಹೊಸ ಕಾನೂನು ಹೀಗಿತ್ತು: ನೆಲಕ್ಕೆ ಗೇಣಿ ತೆರುವವನನ್ನು ಯಾರೂ ಎಬ್ಬಿಸುವಂತಿಲ್ಲ. ಧಣಿಯ ದಯೆಯಿಂದ ಕೂತವನು ಮಾತ್ರ ಗಂಟುಮೂಟೆ ಕಟ್ಟಬೇಕು. ಆವಿಗೆಯಲ್ಲಿ ಮಡಕೆ ಸುಟ್ಟಾಗಲೆಲ್ಲ ಧಣಿಯ ಮನೆಗೆ ಗಡಿಗೆ ಹೋಗುತ್ತಿತ್ತು, ಅಪ್ಪನ ಕಾಲದಿಂದಲೂ. ಆದರೆ ಅದನ್ನು ಗೇಣಿ ಎಂದು ಕರೆದವರಿಲ್ಲ. "ಕಾಣಿಕೆ ಅನ್ನಿ" ಎಂದು ಪಾರುಪತ್ಯಗಾರನೇ ಎಲ್ಲರಿಗೂ ಕಲಿಸಿದ್ದ. ಅಧಿಕಾರಿ ಕೇಳಿದರೆ ಗೇಣಿ ಎನ್ನುವಂತೆ ಹೆಂಡತಿ ನಿನ್ನೆಯೆಲ್ಲ ಬಾಯಿಪಾಠ ಮಾಡಿಸಿದ್ದಳು.

"ಧಣಿಗೆ ಕೊಡ್ತೀಯಲ್ಲ, ಅದೇನು?" ಅಧಿಕಾರಿ ಕೇಳಿದ.

ಪಾರುಪತ್ಯಗಾರ ಬೆತ್ತದ ತುದಿಯಿಂದ ಹಸಿ ಮಡಕೆಯೊಂದನ್ನು ಮೆಲ್ಲಗೆ ಒತ್ತಿದ. ಅದು ಕುಳಿಬಿತ್ತು. ಕುಂಬಾರ ಆ ಕುಳಿಯನ್ನೇ ನೋಡಿದ.

"ಕಾ... ಕಾಣಿಕೆ ಸ್ವಾಮಿ."

ಬಾಗಿಲಲ್ಲಿ ಹೆಂಡತಿ ಹಣೆ ಚಚ್ಚಿಕೊಂಡಳು. ಮನೆ, ತಿಗರಿ, ಮಣ್ಣಿನ ಗುಂಡಿ ಎಲ್ಲ ಹೋಯಿತೆಂದು ಕುಂಬಾರನಿಗೆ ನಡುಕ ಹತ್ತಿತು. ಮೊದಲು ಮೊಣಕಾಲು ನಡುಗಿತು, ಆಮೇಲೆ ಬೆನ್ನು, ಆಮೇಲೆ ಬೆನ್ನು ಆನಿಸಿದ್ದ ಗೋಡೆ, ಕೊನೆಗೆ ಆ ಗೋಡೆಗೆ ಒರಗಿಸಿ ಧಣಿಗೆಂದು ಪೇರಿಸಿಟ್ಟ ಗಡಿಗೆಗಳು. ಅವು ಬಿದ್ದ ಸದ್ದಿಗೆ ಮೂರು ಬೀದಿ ಆಚೆ ಮಲಗಿದ್ದ ಕತ್ತೆ ಎದ್ದು ಕೂತಿತು. ಗಡಿಗೆ ಒಂದೂ ಉಳಿಯಲಿಲ್ಲ.

ಹೆಂಡತಿ ಹೊರಬಂದಳು. "ಹೋಯ್ತಲ್ಲ. ಈ ಸಲ ಕಾಣಿಕೆ ಇಲ್ಲ ಅಂತ ಧಣಿಗೆ ಹೇಳ್ಬಿಡಿ ಅಣ್ಣ."

"ಇಲ್ಲ ಅಂದ್ರೆ?" ಪಾರುಪತ್ಯಗಾರನ ಮೂಗು ಕೆಂಪಾಯಿತು. "ಒಡೀಲಿ, ಸುಡ್ಲಿ, ಕೊಡ್ಲೇಬೇಕು. ಇಲ್ಲಾಂದ್ರೆ ಜಾಗ ಬಿಡ್ಬೇಕು. ನಿಮ್ಮ ಮಾವನೂ ಹಾಗೇ ಕೊಟ್ಟಿದ್ದು."

"ಜಾಗ ಉಳಿಸ್ಕೊಳ್ಳೋಕೆ ಕೊಡ್ಲೇಬೇಕು ಅಂದ್ರೆ ಅದು ಕಾಣಿಕೆ ಹೇಗಾಗುತ್ತೆ ಸ್ವಾಮಿ?" ಅಧಿಕಾರಿ ಕುಂಬಾರನ ಕಡೆ ತಿರುಗಿದ. "ಇನ್ನೊಂದ್ಸಲ ಕೇಳ್ತೀನಿ. ಅದೇನಪ್ಪ?"

ಬೆತ್ತ ಮೇಲೆದ್ದಿತ್ತು. ಕುಂಬಾರ ಕಣ್ಣು ಮುಚ್ಚಿಕೊಂಡ.

"ಗೇಣಿ."

ಸೊಳ್ಳೆ ಅದಕ್ಕಿಂತ ಜೋರಾಗಿ ಹಾಡುತ್ತದೆ. ಆದರೂ ಅಧಿಕಾರಿಗೆ ಕೇಳಿಸಿತು, ಬರೆದುಕೊಂಡು ಹೊರಟ. ಪಾರುಪತ್ಯಗಾರ ಚೂರುಗಳನ್ನು ಮೆಟ್ಟುತ್ತ ನಡೆದ, ಬೀದಿಯ ತಿರುವಿನಲ್ಲಿ ನಿಂತು ಒಮ್ಮೆ ಹಿಂತಿರುಗಿ ನೋಡಿದ.

"ಇನ್ಯಾಕೆ ನಡುಗ್ತೀರಿ? ಜಾಗ ಉಳೀತಲ್ಲ," ಎಂದಳು ಹೆಂಡತಿ.

"ಅವನು ನೋಡಿದ್ದು ನೋಡ್ದೆಯಾ?"

ಅವಳೂ ನೋಡಿದ್ದಳು. ಪೊರಕೆ ಎತ್ತಿಕೊಂಡಳು. "ಧಣಿ ಗಡಿಗೆ ಮೊದ್ಲು ಮಾಡಿ. ಗೇಣಿ ಅಂದ್ಮೇಲೆ ಒಂದೂ ತಪ್ಪೋ ಹಾಗಿಲ್ಲ."

ಕುಂಬಾರ ತಿಗರಿ ತಿರುಗಿಸಿದ. ನಡುಕ ಮಾತ್ರ ನಿಲ್ಲಲಿಲ್ಲ. ಆ ದಿನ ಮಾಡಿದ ಗಡಿಗೆಗಳ ಅಂಚೆಲ್ಲ ಅಲೆ ಅಲೆ.